ಕೂಲಿ ತಾಯಿಗೆ ಬಾಣಂತನದ ಹಕ್ಕು



ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಗಳಿಗೆ ಹೆರಿಗೆ ರಜೆ ಉಂಟು, ಆ ದಿನಗಳಿಗೆ ಸಂಬಳವೂ ಉಂಟು. ಆದರೆ ಗದ್ದೆಯಲ್ಲಿ ನಾಟಿ ಮಾಡುವವಳು ಮನೆಯಲ್ಲಿ ಉಳಿದ ದಿನ ಕೂಲಿ ಇಲ್ಲ. ಹೀಗಾಗಿ ಎಷ್ಟೋ ತಾಯಂದಿರು ಹಸಿ ಬಾಣಂತಿಯಾಗಿರುವಾಗಲೇ ಕೆಲಸಕ್ಕೆ ಹೊರಡುತ್ತಾರೆ.

ನಮ್ಮ ದೇಶದಲ್ಲಿ ಹೆರಿಗೆ ಭತ್ಯೆಯ ಮೊದಲ ಕಾನೂನು ಬಂದದ್ದು 1929ರಲ್ಲಿ, ಮುಂಬಯಿ ಪ್ರಾಂತದ ಕಾರ್ಖಾನೆ ಕೆಲಸಗಾರ್ತಿಯರಿಗಾಗಿ. ಅದರ ಹಿಂದಿನ ವರ್ಷ ಅಲ್ಲಿನ ಶಾಸನ ಪರಿಷತ್ತಿನಲ್ಲಿ ಆ ಮಸೂದೆಯ ಪರ ನಿಂತವರು ಡಾ. ಅಂಬೇಡ್ಕರ್. ತಾಯಿಗೆ ಸಿಗುವ ವಿಶ್ರಾಂತಿ ಇಡೀ ರಾಷ್ಟ್ರದ ಹಿತ, ಅದರ ಖರ್ಚಿನ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು ಎಂದು ಅವರು ವಾದಿಸಿದರು. 1961ರಲ್ಲಿ ದೇಶಕ್ಕೆಲ್ಲ ಕಾನೂನಾಯಿತು. 2017ರಲ್ಲಿ ರಜೆ 26 ವಾರಕ್ಕೆ ಏರಿತು. ಕೂಲಿಯ ತಾಯಿ ಮಾತ್ರ ಅದರ ಹೊರಗೇ ಉಳಿದಳು.

ಅವಳ ಕಡೆ ಬೇಗನೆ ನೋಡಿದ ರಾಜ್ಯ ತಮಿಳುನಾಡು. 1987ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನಲ್ಲಿ ಅಲ್ಲಿ ಯೋಜನೆ ಶುರುವಾಯಿತು. 2018ರ ಹೊತ್ತಿಗೆ ನೆರವು 18,000 ರೂಪಾಯಿ ಮುಟ್ಟಿತ್ತು. ಕೇಂದ್ರ ಸರ್ಕಾರ 1995ರಲ್ಲಿ ಬಡ ಗರ್ಭಿಣಿಯರಿಗೆ ಕೊಡತೊಡಗಿದ್ದು ಬರೀ 300 ರೂಪಾಯಿ. 2010ರಲ್ಲಿ ಇಂದಿರಾ ಗಾಂಧಿ ಮಾತೃತ್ವ ಸಹಯೋಗ ಯೋಜನೆ 4,000 ರೂಪಾಯಿ ಕೊಟ್ಟಿತು, ಅದೂ ಆಯ್ದ ಜಿಲ್ಲೆಗಳಲ್ಲಿ. ನಮ್ಮಲ್ಲಿ ಆ ಭಾಗ್ಯ ಧಾರವಾಡ, ಕೋಲಾರಕ್ಕೆ ಸಿಕ್ಕಿತು.

2013ರ ಆಹಾರ ಭದ್ರತಾ ಕಾಯ್ದೆ ಈ ನೆರವನ್ನು ಹಕ್ಕಾಗಿಸಿತು. ಸರ್ಕಾರಿ ನೌಕರರನ್ನೂ ಬೇರೆ ಕಾನೂನಿನಡಿ ಭತ್ಯೆ ಪಡೆಯುವವರನ್ನೂ ಬಿಟ್ಟರೆ ಪ್ರತಿ ಗರ್ಭಿಣಿಗೆ, ಬಾಣಂತಿಗೆ ಕನಿಷ್ಠ 6,000 ರೂಪಾಯಿ. ಆದರೆ 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಕೊಟ್ಟದ್ದು 5,000, ಅದೂ ಮೊದಲ ಮಗುವಿಗೆ ಮಾತ್ರ. 2022ರಿಂದ ಎರಡನೆಯದು ಹೆಣ್ಣಾದರೆ 6,000 ಸೇರಿತು. ಎರಡನೆಯದು ಗಂಡಾದರೆ ತಾಯಿಗೆ ಹಸಿವಾಗುವುದಿಲ್ಲವೇ?

ಹಣ ಕೈಸೇರುವ ದಾರಿಯನ್ನೂ ಹೇಳಬೇಕು. ಮೊದಲ ಮಗುವಿನ ವೇಳೆ ಗರ್ಭಿಣಿ ಹೆಸರು ನೋಂದಾಯಿಸಿ, ತಪಾಸಣೆ ಮಾಡಿಸಿ, ತಾಯಿ ಕಾರ್ಡ್ ಪಡೆದರೆ 3,000. ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆಗಳು ಮುಗಿದರೆ 2,000. ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಹಣ ಬಾರದು.

ಆರು ಸಾವಿರದ ಆ ಗಡಿ ನಿಗದಿಯಾಗಿ ದಶಕ ಕಳೆದಿದೆ. ಬೇಳೆ, ಎಣ್ಣೆಯ ಬೆಲೆ ಅಲ್ಲೇ ನಿಂತಿಲ್ಲ. ಮೊತ್ತ ಹೆಚ್ಚಬೇಕು, ಮೊದಲ ಮಗುವೆಂಬ ಷರತ್ತು ಹೋಗಬೇಕು. ಅಲ್ಲಿಯವರೆಗೆ, ನಿಮ್ಮ ಓಣಿಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಅಂಗನವಾಡಿ ಕಾರ್ಯಕರ್ತೆಯ ಬಳಿಗೆ ಕರೆದೊಯ್ದು ಅರ್ಜಿ ಹಾಕಿಸಿ. ಅದು ದಾನವಲ್ಲ, ಅವಳ ಹಕ್ಕು.