ಬುಟ್ಟಿ ಹೊತ್ತ ತಾಯಿ, ಓಡಿದ ಮಗಳು



ಇವತ್ತು ನಾವು ಒಂದು ದೂರದ ನಾಡಿನ ಸುದ್ದಿ ಹೇಳ್ತೀವಿ. ಆ ನಾಡಿನ ಹೆಸರು ಜಮೈಕಾ. ಅದೊಂದು ದ್ವೀಪ. ದ್ವೀಪ ಅಂದರೆ ನಡುವೆ ನೆಲ, ಸುತ್ತ ನೀರು. ಅಮೆರಿಕದ ಹತ್ತಿರ ಕೆರಿಬಿಯನ್ ಅನ್ನೋ ಸಮುದ್ರ ಇದೆ. ಅದರಲ್ಲಿದೆ ಈ ನಾಡು. ನಮ್ಮ ತುಮಕೂರು ಜಿಲ್ಲೆಗಿಂತ ಕೊಂಚ ದೊಡ್ಡದು, ಅಷ್ಟೇ. ಜನ ಸುಮಾರು 28 ಲಕ್ಷ. ಆದರೆ ಓಟದ ಪಂದ್ಯ ಅಂದರೆ ದೊಡ್ಡ ದೊಡ್ಡ ದೇಶಗಳೂ ಈ ಪುಟ್ಟ ನಾಡಿಗೆ ಹೆದರುತ್ತವೆ. ಉಸೇನ್ ಬೋಲ್ಟ್ ಹೆಸರನ್ನು ನಿಮ್ಮ ಮಕ್ಕಳು ಕೇಳಿರಬಹುದು. ನಾವು ಹೇಳೋದು ಅಲ್ಲಿನ ಹೆಣ್ಣುಮಕ್ಕಳ ಕಥೆ.

ಅಲ್ಲಿ ಮೊದಲು ಇದ್ದವರು ತೈನೋ ಎಂಬ ಜನ. 1494ರಲ್ಲಿ ಕೊಲಂಬಸ್ ಬಂದ. ಅವನ ಹಿಂದೆ ಸ್ಪೇನ್ ದೇಶದವರು ಬಂದರು. ರೋಗದಿಂದ, ದುಡಿತದಿಂದ ತೈನೋ ಜನ ಬಹುಪಾಲು ಸತ್ತೇಹೋದರು. 1655ರಲ್ಲಿ ಇಂಗ್ಲಿಷರು ಆ ನಾಡನ್ನು ಕಿತ್ತುಕೊಂಡರು. ಕಬ್ಬು ಬೆಳೆಸಿದರು. ಕಬ್ಬಿಗೆ ಆಳು ಬೇಕಲ್ಲ? ಆಫ್ರಿಕಾದ ಜನರನ್ನು ಹಡಗಿನಲ್ಲಿ ತುಂಬಿ ತಂದರು. ದನ ಮಾರಿದ ಹಾಗೆ ಮಾರಿದರು. ಗಂಡಸರ ಸಮಕ್ಕೆ ಹೆಂಗಸರೂ ದುಡಿಯಬೇಕು. ಕೂಲಿ ಇಲ್ಲ. ಹೆತ್ತ ಕೂಸೂ ತಾಯಿಯದಲ್ಲ, ಧಣಿಯ ಸೊತ್ತು.

ಕೆಲವರು ತಪ್ಪಿಸಿಕೊಂಡು ಬೆಟ್ಟ ಸೇರಿದರು. ಅವರಿಗೆ ಮರೂನರು ಅಂತ ಹೆಸರು. ಅವರಲ್ಲಿ ಒಂದು ಗುಂಪಿಗೆ ನಾಯಕಿ ನ್ಯಾನಿ ಎಂಬ ಹೆಣ್ಣುಮಗಳು. ಬಂದೂಕು ಹಿಡಿದ ಸೈನ್ಯದ ಎದುರು ಆಕೆಯ ಜನ ವರ್ಷಗಟ್ಟಲೆ ಕಾಡಿನಲ್ಲಿ ಕಾದಾಡಿದರು. ಕೊನೆಗೆ ಇಂಗ್ಲಿಷರೇ ರಾಜಿಗೆ ಬಂದರು. ನ್ಯಾನಿ ಮತ್ತು ಆಕೆಯ ಜನರಿಗೆ 500 ಎಕರೆ ಭೂಮಿ ಬರೆದುಕೊಟ್ಟರು. ಆ ಪತ್ರದಲ್ಲಿ ಹೆಣ್ಣಿನ ಹೆಸರು ಇತ್ತು, ನೋಡಿ! ನಮ್ಮಲ್ಲಿ ಎಷ್ಟು ಜನರ ಹೆಸರು ಪಹಣಿಯಲ್ಲಿ ಇದೆ? ಇವತ್ತು ಜಮೈಕಾದ 500 ಡಾಲರ್ ನೋಟಿನ ಮೇಲೆ ನ್ಯಾನಿಯ ಚಿತ್ರ ಇದೆ.

ತೋಟದಲ್ಲೇ ಉಳಿದವರ ಪಾಡು ಬೇರೆ. ಅವರಿಗೆ ಹೊಟ್ಟೆ ತುಂಬ ಅನ್ನ ಹಾಕಲು ಧಣಿಗಳಿಗೆ ಮನಸ್ಸಿಲ್ಲ. ಗುಡ್ಡದ ಮೇಲೆ ತುಂಡು ನೆಲ ತೋರಿಸಿ, ನೀವೇ ಬೆಳೆದು ತಿನ್ನಿ ಅಂದರು. ಹೆಂಗಸರು ಗೆಡ್ಡೆಗೆಣಸು ಬೆಳೆದರು. ಮಿಕ್ಕಿದ್ದನ್ನು ಬುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು ಭಾನುವಾರದ ಸಂತೆಗೆ ನಡೆದರು. ಕೈಗೆ ನಾಲ್ಕು ಕಾಸು ಬಂತು. 1838ರಲ್ಲಿ ಗುಲಾಮಗಿರಿ ಪೂರ್ತಿ ಹೋಯ್ತು. ಆದರೆ ಹೆಂಗಸರು ಸಂತೆ ಬಿಡಲಿಲ್ಲ. ಇಂಥ ವ್ಯಾಪಾರದ ಹೆಂಗಸರಿಗೆ ಅಲ್ಲಿ ಹಿಗ್ಲರ್ ಅಂತಾರೆ.

1845ರಿಂದ ನಮ್ಮ ದೇಶದಿಂದಲೂ ಕೂಲಿಗಳನ್ನು ಹಡಗಿನಲ್ಲಿ ಕರೆದೊಯ್ದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಅಲ್ಲಿದ್ದಾರೆ. 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರ ಆಯ್ತು.

ಈಗ ಓಟಕ್ಕೆ ಬರೋಣ. ಅಲ್ಲಿ ಶಾಲಾ ಮಕ್ಕಳ ಓಟದ ಪಂದ್ಯ ಅಂದರೆ ಜಾತ್ರೆ ಇದ್ದ ಹಾಗೆ. ಊರೂರಿನ ಜನ ಸೇರುತ್ತಾರೆ. ಗಂಡುಹುಡುಗರಿಗೆ ಇದು 1910ರಲ್ಲೇ ಶುರುವಾಯ್ತು. ಹುಡುಗಿಯರು 1957ರ ತನಕ ಕಾಯಬೇಕಾಯ್ತು.

ಅಲ್ಲಿ ಓಡಿ ಬೆಳೆದವಳು ಶೆಲ್ಲಿ ಆ್ಯನ್ ಫ್ರೇಸರ್. ರಾಜಧಾನಿ ಕಿಂಗ್‌ಸ್ಟನ್‌ನ ಒಂದು ಬಡ ಕೇರಿ ಅವಳದು. ಇಕ್ಕಟ್ಟಿನ ಮನೆ. ಹೊರಗೆ ಗುಂಡಿನ ಸದ್ದು. ತಾಯಿ ಬೀದಿಯಲ್ಲಿ ಸಾಮಾನು ಮಾರಿ ಮಕ್ಕಳನ್ನು ಸಾಕಿದಳು. ಆ ತಾಯಿಯೂ ಹಿಂದೆ ಓಟಗಾರ್ತಿಯೇ.

2008ರಲ್ಲಿ ಶೆಲ್ಲಿ ಒಲಿಂಪಿಕ್ಸ್‌ಗೆ ಆಯ್ಕೆಯಾದಳು. ಒಲಿಂಪಿಕ್ಸ್ ಅಂದರೆ ಲೋಕದ ದೇಶಗಳೆಲ್ಲ ಸೇರುವ ಆಟದ ಪಂದ್ಯ. ಆಗ ಅವಳಿಗೆ 21 ವರ್ಷ. ಗಿಡ್ಡ ಆಳು, ಐದೇ ಅಡಿ. ಇವಳು ಎಳಸು, ಅನುಭವ ಇರುವವಳಿಗೆ ಜಾಗ ಬಿಡಲಿ ಅಂತ ಅವಳ ದೇಶದವರೇ ಅಂದರು. ಅವಳು ಬಿಡಲಿಲ್ಲ. ಬೀಜಿಂಗ್‌ಗೆ ಹೋಗಿ 100 ಮೀಟರ್ ಓಟದಲ್ಲಿ ಚಿನ್ನ ಗೆದ್ದಳು. ಬೆಳ್ಳಿ ಪದಕ ಎರಡು. ಅವೂ ಜಮೈಕಾದ ಹುಡುಗಿಯರಿಗೇ! 2012ರಲ್ಲಿ ಲಂಡನ್‌ನಲ್ಲಿ ಮತ್ತೆ ಚಿನ್ನ.

2017ರಲ್ಲಿ ಬಸುರಿಯಾಗಿದ್ದಳು. ನನ್ನ ಓಟ ಮುಗಿದೇ ಹೋಯ್ತು ಅಂತ ಅತ್ತಳಂತೆ. ಹೊಟ್ಟೆ ಕುಯ್ದು ಹೆರಿಗೆ ಮಾಡಬೇಕಾಯ್ತು. ಗಂಡು ಮಗು. ಇಂಥ ಹೆರಿಗೆಯ ನೋವು ನಿಮ್ಮಲ್ಲಿ ಕೆಲವರಿಗೆ ಗೊತ್ತು, ನಾವು ಹೇಳಬೇಕಿಲ್ಲ. ಅವಳು ಮತ್ತೆ ಮೆಲ್ಲಗೆ ಓಡಲು ಶುರು ಮಾಡಿದಳು. 2019ರಲ್ಲಿ ದೋಹಾ ಊರಿನಲ್ಲಿ ಲೋಕದ ಪಂದ್ಯ. ಶೆಲ್ಲಿಗೆ 32 ವರ್ಷ. ಎಲ್ಲರಿಗಿಂತ ಮುಂದೆ ಓಡಿದಳು. ಗೆದ್ದ ಮೇಲೆ ಎರಡು ವರ್ಷದ ಮಗನನ್ನು ಎತ್ತಿಕೊಂಡು ಮೈದಾನದಲ್ಲಿ ನಡೆದಳು.

2023ರಲ್ಲಿ ಮಗನ ಶಾಲೆಯಲ್ಲಿ ಆಟದ ದಿನ. ತಾಯಂದಿರಿಗೂ ಒಂದು ಓಟ ಇಟ್ಟಿದ್ದರು. ಶೆಲ್ಲಿಯೂ ಸಾಲಿನಲ್ಲಿ ನಿಂತಳು. ಪಾಪ, ಉಳಿದ ತಾಯಂದಿರು ಎಷ್ಟೋ ಹಿಂದೆ ಉಳಿದರು!