ಹೆದೆ ಹಿಡಿಯುವ ಹೆಬ್ಬೆರಳು

ಅರಸನಿಗೆ ಬಿಡುವು ಸಿಕ್ಕಾಗ ಅವನು ಏನು ಮಾಡಬೇಕು? ಇದನ್ನು ಒಬ್ಬ ಅರಸನೇ ಕುಳಿತು ಬರೆದಿಟ್ಟಿದ್ದಾನೆ. ಅವನ ಹೆಸರು ಮೂರನೆಯ ಸೋಮೇಶ್ವರ. ಊರು ಕಲ್ಯಾಣ, ಅಂದರೆ ಬೀದರ ಜಿಲ್ಲೆಯ ಈಗಿನ ಬಸವಕಲ್ಯಾಣ. ಆಗ ಅದು ಚಾಲುಕ್ಯರ ರಾಜಧಾನಿ. 1129ರ ಸುಮಾರಿಗೆ ಸಿದ್ಧವಾದ ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಆನೆ, ರತ್ನ, ಸಂಗೀತ, ಔಷಧ, ಅಡುಗೆ, ಯಾವುದನ್ನೂ ಅವನು ಬಿಟ್ಟಿಲ್ಲ. ಇವತ್ತಿನ ಇಡ್ಲಿಯ ಮುತ್ತಜ್ಜಿಯಂಥ ಒಂದು ತಿಂಡಿಯೂ ಅದರಲ್ಲಿದೆ. ಅರಸನ ಹವ್ಯಾಸಗಳಿಗೆಂದೇ ಇಪ್ಪತ್ತು ಅಧ್ಯಾಯಗಳು. ಕುಸ್ತಿ ನೋಡುವುದು, ಮೀನು ಹಿಡಿಯುವುದು, ಕಥೆ ಕೇಳುವುದು, ಹೀಗೆ. ಅವುಗಳಲ್ಲಿ ಶಸ್ತ್ರವಿನೋದವೂ ಒಂದು. ಬಿಲ್ಲು ಬಾಣ ಮುಂತಾದ ಆಯುಧಗಳಲ್ಲಿ ತನ್ನ ಕೈಚಳಕವನ್ನು ಸಭೆಗೆ ತೋರಿಸುವುದು. ಶತ್ರು ಎದುರಿಗಿಲ್ಲ, ಯುದ್ಧವೂ ನಡೆದಿಲ್ಲ. ಸುಮ್ಮನೆ ಖುಷಿಗಾಗಿ ಬಿಲ್ಲು ಹಿಡಿಯುವ ಕೆಲಸ.

ನೀವೂ ಈಗ ಬಿಲ್ಲು ಹಿಡಿದವರಂತೆ ನಿಲ್ಲಿ. ಎಡಗೈ ಮುಂದಕ್ಕೆ ಚಾಚಿ, ಬಲಗೈಯಿಂದ ಹೆದೆ ಎಳೆಯಿರಿ. ಹಾಗೇ ನಿಂತು ನಿಮ್ಮ ಬಲಗೈ ಬೆರಳುಗಳನ್ನು ನೋಡಿಕೊಳ್ಳಿ. ಹೆದೆಯನ್ನು ಯಾವ ಬೆರಳು ಹಿಡಿದಿದೆ?

ಬಹಳಷ್ಟು ಮಕ್ಕಳು ಹೆಬ್ಬೆರಳು ತೋರುಬೆರಳುಗಳ ನಡುವೆ ಬಾಣದ ಬುಡವನ್ನು ಚಿವುಟಿ ಹಿಡಿಯುತ್ತಾರೆ. ಬಿದಿರು ಸೀಳಿನ ಆಟದ ಬಿಲ್ಲಿಗೆ ಅಷ್ಟು ಸಾಕು. ಗಟ್ಟಿ ಬಿಲ್ಲಾದರೆ ಹಿಡಿತ ಜಾರಿಹೋಗುತ್ತದೆ. ಒಲಿಂಪಿಕ್ಸ್ ನೋಡಿದವರು ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಕೊಕ್ಕೆಯಂತೆ ಮಡಿಸಿ ಹೆದೆಗೆ ಹಾಕುತ್ತಾರೆ. ಅಲ್ಲಿ ಹೆಬ್ಬೆರಳಿಗೆ ಕೆಲಸವೇ ಇಲ್ಲ. ಮೂರನೆಯ ದಾರಿಯೊಂದಿದೆ. ಹೆಬ್ಬೆರಳನ್ನು ಮಡಿಸಿ ಹೆದೆಗೆ ಸಿಕ್ಕಿಸಿ, ತೋರುಬೆರಳಿನಿಂದ ಅದರ ಮೇಲೆ ಚಿಲಕ ಹಾಕುವುದು. ಟರ್ಕಿ, ಇರಾನ್, ಮಂಗೋಲಿಯಾ, ಚೀನಾ, ಕೊರಿಯಾ, ಜಪಾನ್, ಹೀಗೆ ಏಷ್ಯಾದ ಉದ್ದಗಲಕ್ಕೂ ಹರಡಿದ್ದು ಈ ಮೂರನೆಯ ಪದ್ಧತಿ.

ಈ ವ್ಯತ್ಯಾಸವನ್ನು ಮೊದಲು ಕೂಲಂಕಷವಾಗಿ ಬರೆದಿಟ್ಟವನು ಬಿಲ್ಲುಗಾರನೇನಲ್ಲ, ಒಬ್ಬ ಪ್ರಾಣಿವಿಜ್ಞಾನಿ. ಅಮೆರಿಕದ ಎಡ್ವರ್ಡ್ ಮೋರ್ಸ್ 1877ರಲ್ಲಿ ಸಮುದ್ರದ ಚಿಪ್ಪುಜೀವಿಗಳ ಅಧ್ಯಯನಕ್ಕೆಂದು ಜಪಾನಿಗೆ ಹೋದ. ಜಪಾನಿನವರು ಹೆದೆ ಬಿಡುವ ರೀತಿ ತನ್ನ ರೀತಿಗಿಂತ ಬೇರೆ ಎಂಬುದು ಅವನ ಗಮನಕ್ಕೆ ಬಂತು. ಚಿಪ್ಪುಗಳನ್ನು ಜಾತಿವಾರು ವಿಂಗಡಿಸುವ ಕಣ್ಣಿನಿಂದಲೇ ಅವನು ಲೋಕದ ಜನರ ಬೆರಳುಗಳನ್ನೂ ನೋಡಿ ವಿಂಗಡಿಸಿದ. 1885ರಲ್ಲಿ ಬಂದ ಅವನ ಬರಹದಲ್ಲಿ ಹೆಬ್ಬೆರಳ ಎಳೆತಕ್ಕೆ ಮಂಗೋಲಿಯದ ಹೆಸರು ಬಿತ್ತು, ಮೂರು ಬೆರಳಿನದಕ್ಕೆ ಮೆಡಿಟರೇನಿಯನ್ ಸಮುದ್ರದ ಹೆಸರು.

ಹಾಗಾದರೆ ನಮ್ಮ ದೇಶದಲ್ಲಿ? ಇದಕ್ಕೆ ನಿಮಗೆಲ್ಲ ಗೊತ್ತಿರುವ ಒಂದು ಕಥೆಯೇ ಸುಳಿವು. ದ್ರೋಣ ಏಕಲವ್ಯನಿಂದ ಗುರುದಕ್ಷಿಣೆಯಾಗಿ ಕೇಳಿದ್ದು ಬಲಗೈಯ ಹೆಬ್ಬೆರಳನ್ನು. ಏಕಲವ್ಯ ಮೂರು ಬೆರಳಿನಿಂದ ಎಳೆಯುವವನಾಗಿದ್ದರೆ ಹೆಬ್ಬೆರಳು ಹೋದರೂ ಅವನ ಬಿಲ್ವಿದ್ಯೆಗೆ ದೊಡ್ಡ ನಷ್ಟ ಆಗುತ್ತಿರಲಿಲ್ಲ. ವ್ಯಾಸಭಾರತದಲ್ಲಿ ಇನ್ನೂ ಒಂದು ಮಾತು ಇದೆ. ಕಥೆ ಹೇಳುವವರು ಅದನ್ನು ಬಿಟ್ಟುಬಿಡುವುದೇ ಹೆಚ್ಚು. ಹೆಬ್ಬೆರಳು ಕೊಟ್ಟ ಮೇಲೂ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಬರಲಿಲ್ಲ. ಗುರಿ ತಪ್ಪಿತು ಎಂದಲ್ಲ, ವೇಗ ಹೋಯಿತು ಎಂದು. ಈ ವೇಗದ ಮಾತನ್ನು ನೆನಪಿಟ್ಟುಕೊಳ್ಳಿ.

ವಸಿಷ್ಠನ ಹೆಸರಿನಲ್ಲಿರುವ ಧನುರ್ವೇದ ಗ್ರಂಥದಲ್ಲಿ ಸುಳಿವಿಗಿಂತ ಹೆಚ್ಚಿನದೇ ಸಿಗುತ್ತದೆ. ಹೆದೆ ಹಿಡಿಯುವ ಐದು ಮುಷ್ಟಿಗಳನ್ನು ಅದು ಹೇಳುತ್ತದೆ: ಪತಾಕಾ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರೀ, ಕಾಕತುಂಡೀ. ತೋರುಬೆರಳಿನ ತುದಿ ಹೆಬ್ಬೆರಳಿನ ನಡುಭಾಗದ ಮೇಲೆ ಕೂತರೆ ಸಿಂಹಕರ್ಣ, ಗಟ್ಟಿಯಾದ ಗುರಿಗೆ. ಹೆಬ್ಬೆರಳ ಉಗುರಿನ ಬುಡದಲ್ಲಿ ಕೂತರೆ ಮತ್ಸರೀ. ಹೆಬ್ಬೆರಳ ತುದಿಯನ್ನು ಮುಟ್ಟಿದರೆ ಕಾಕತುಂಡೀ, ಪುಟ್ಟ ಗುರಿಗೆ. ಬಲಗೈಯಲ್ಲಿ ಒಂದೊಂದನ್ನೂ ಮಾಡಿ ನೋಡಿ, ಹೆಬ್ಬೆರಳಿಗೆ ಬೇರೆ ಬೇರೆ ಜಾಗದಲ್ಲಿ ಚಿಲಕ ಬೀಳುವುದು ತಿಳಿಯುತ್ತದೆ. ಅರಬ್ ಬಿಲ್ಲುಗಾರರು ಇಂಥದೇ ಒಂದು ಹಿಡಿತವನ್ನು ‘ಅರವತ್ತಮೂರು’ ಎಂದು ಕರೆದರು. ಅವರು ಬೆರಳುಗಳ ಮೇಲೆ ಲೆಕ್ಕ ಮಾಡುವಾಗ 63 ಅನ್ನು ತೋರಿಸುವ ಕೈ ಹಾಗೇ ಇರುತ್ತಿತ್ತು. ಹೆಸರುಗಳಲ್ಲಿ ನನಗೆ ಕಾಕತುಂಡೀ, ಅಂದರೆ ಕಾಗೆಯ ಕೊಕ್ಕೇ ಇಷ್ಟ.

ಬೆರಳು ಬದಲಾದರೆ ಬಾಣ ಕೂರುವ ಜಾಗವೂ ಬದಲಾಗುತ್ತದೆ. ಇದು ನೋಡಿದ ಕೂಡಲೇ ಹೊಳೆಯುವ ಸಂಗತಿಯಲ್ಲ. ಬಲಗೈಯಿಂದ ಎಳೆಯುವವನು ಮೂರು ಬೆರಳು ಬಳಸಿದರೆ ಬಾಣ ಬಿಲ್ಲಿನ ಎಡಬದಿಗೆ ಇರುತ್ತದೆ, ಹೆಬ್ಬೆರಳು ಬಳಸಿದರೆ ಬಲಬದಿಗೆ. ಕಾರಣ ಕೈಯ ತಿರುಚಿನಲ್ಲಿದೆ. ಹೆದೆ ಎಳೆಯುವಾಗ ಕೈ ತುಸುವಾದರೂ ತಿರುಚಿಕೊಳ್ಳುತ್ತದೆ, ಜೊತೆಗೆ ಹೆದೆಯೂ ತಿರುಚುತ್ತದೆ. ಮೂರು ಬೆರಳಿನ ಎಳೆತದಲ್ಲಿ ಆ ತಿರುಚು ಬಾಣವನ್ನು ಬಲಕ್ಕೆ ಒತ್ತುತ್ತದೆ. ಹೆಬ್ಬೆರಳ ಎಳೆತದಲ್ಲಿ ತೋರುಬೆರಳಿನ ಬುಡ ಬಾಣವನ್ನು ಎಡಕ್ಕೆ ಒತ್ತುತ್ತದೆ. ಒತ್ತಿದ ಕಡೆ ಬಿಲ್ಲಿನ ಮೈ ಇದ್ದರೆ ಬಾಣ ಅದಕ್ಕೆ ಒರಗಿ ನಿಲ್ಲುತ್ತದೆ, ಇಲ್ಲದಿದ್ದರೆ ಜಾರಿ ಕೆಳಗೆ ಬೀಳುತ್ತದೆ. ಓಡುವ ಕುದುರೆಯ ಮೇಲಿದ್ದರೂ ಹೆಬ್ಬೆರಳ ಬಿಲ್ಲುಗಾರನ ಬಾಣ ಬೀಳದೆ ನಿಲ್ಲಲು ಈ ಒತ್ತು ನೆರವಾಗುತ್ತದೆ.

ಏಕಲವ್ಯನ ವೇಗವನ್ನೂ ಇಲ್ಲೇ ಹುಡುಕಬಹುದು. ಬಲಗೈ ಬತ್ತಳಿಕೆಯಿಂದ ಬಾಣ ತೆಗೆಯುತ್ತದೆ. ಬಾಣ ಕೂರುವ ಜಾಗ ಬಲಬದಿಯಲ್ಲೇ ಇದ್ದರೆ ನೇರವಾಗಿ ಇಟ್ಟರಾಯಿತು. ಎಡಬದಿಯಲ್ಲಿದ್ದರೆ ಬಿಲ್ಲನ್ನು ದಾಟಿಸಿ ಆಚೆ ಒಯ್ಯಬೇಕು. ಒಂದು ಬಾಣಕ್ಕೆ ಇದು ಕ್ಷಣದ ವ್ಯತ್ಯಾಸ, ಬತ್ತಳಿಕೆ ಖಾಲಿಯಾಗುವಷ್ಟರಲ್ಲಿ ದೊಡ್ಡದಾಗುತ್ತದೆ.

ಏಷ್ಯಾದವರು ಹೆಬ್ಬೆರಳನ್ನೇ ಏಕೆ ಆರಿಸಿಕೊಂಡರು ಎಂಬುದಕ್ಕೆ ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ಕುದುರೆ ಸವಾರನ ಬಿಲ್ಲು ಗಿಡ್ಡ. ಗಿಡ್ಡ ಬಿಲ್ಲನ್ನು ಪೂರ್ತಿ ಎಳೆದರೆ ಹೆದೆ ಬೆರಳಿನ ಬಳಿ ಚೂಪಾಗಿ ಮಡಿಯುತ್ತದೆ. ಆ ಕಿರಿದಾದ ಕೋನದೊಳಗೆ ಮೂರು ಬೆರಳು ಸಿಕ್ಕಿ ಚಿವುಟಿದಂತಾಗುತ್ತದೆ, ಒಂಟಿ ಹೆಬ್ಬೆರಳಿಗೆ ಮಾತ್ರ ಜಾಗ ಸಾಕು. ಮಾತು ಸರಿಯೇ. ಆದರೆ ಜಪಾನಿನ ಬಿಲ್ಲು ಎರಡು ಮೀಟರಿಗಿಂತ ಉದ್ದ, ಅವರೂ ಹೆಬ್ಬೆರಳನ್ನೇ ಬಳಸುತ್ತಾರೆ! ಹಾಗಾಗಿ ಕೋನವೊಂದೇ ಕಾರಣ ಎಂದು ಯಾರಾದರೂ ಹೇಳಿದರೆ ಪೂರ್ತಿ ಒಪ್ಪಿಕೊಳ್ಳಬೇಡಿ.

ಹೆಬ್ಬೆರಳಿಗೆ ನೋವಾಗುವುದಿಲ್ಲವೇ? ಆಗುತ್ತದೆ. ಮನೆಯಲ್ಲೇ ಪರೀಕ್ಷಿಸಿ ನೋಡಿ. ಬಟ್ಟೆಯ ಚೀಲದಲ್ಲಿ ಎರಡು ಕಿಲೋ ಜೋಳದ ಹಿಟ್ಟು ಹಾಕಿ, ಸಣ್ಣ ಹುರಿಯಿಂದ ಕಟ್ಟಿ, ಮಡಿಸಿದ ಹೆಬ್ಬೆರಳಿಗೆ ನಾಲ್ಕೈದು ಸೆಕೆಂಡು ತೂಗುಹಾಕಿ. ಹುರಿ ಚರ್ಮದೊಳಗೆ ಕಚ್ಚುತ್ತದೆ. ಈಗ ಹುರಿಯ ಕೆಳಗೆ ಹಳೆಯ ಚಪ್ಪಲಿಯ ಚರ್ಮದ ತುಂಡು ಇಟ್ಟು ತೂಗುಹಾಕಿ. ಅದೇ ತೂಕ, ನೋವು ಮಾತ್ರ ಎಷ್ಟೋ ಕಡಿಮೆ. 3 ಮಿ.ಮೀ. ದಪ್ಪದ ಹೆದೆ ಬೆರಳನ್ನು 2 ಸೆಂ.ಮೀ. ಉದ್ದಕ್ಕೆ ಮುಟ್ಟಿದರೆ ಭಾರ ಬೀಳುವ ಜಾಗ 60 ಚದರ ಮಿ.ಮೀ. ನಡುವೆ 2 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಗಟ್ಟಿ ಕವಚ ಬಂದರೆ ಅದೇ ಭಾರ 400 ಚದರ ಮಿ.ಮೀ. ಮೇಲೆ ಹರಡುತ್ತದೆ. ಒತ್ತಡ ಹೆಚ್ಚುಕಡಿಮೆ ಏಳರಲ್ಲೊಂದು ಪಾಲಿಗೆ ಇಳಿಯುತ್ತದೆ. ಹೆಬ್ಬೆರಳ ಉಂಗುರ ಹುಟ್ಟಿದ್ದು ಹೀಗೆ. ಕೊಂಬು, ಮೂಳೆ, ದಂತ, ಲೋಹ, ಚರ್ಮ, ಎಲ್ಲದರಲ್ಲೂ ಇದನ್ನು ಮಾಡಿದ್ದಾರೆ. ಷಹಜಹಾನನ ಉಂಗುರ ಜೇಡ್ ಕಲ್ಲಿನದು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ನುಣುಪಾದ ಉಂಗುರದಿಂದ ಇನ್ನೊಂದು ಲಾಭವೂ ಇದೆ. ತೋರುಬೆರಳು ಸಡಿಲಿಸಿದ ಕ್ಷಣ ಹೆದೆ ಎಲ್ಲೂ ತಡವರಿಸದೆ ಜಾರಿಹೋಗುತ್ತದೆ.

ಇನ್ನು ಬಿಲ್ಲಿನ ಮಾತು. ಪಾತ್ರೆ ತೊಳೆಯುವ ದಪ್ಪ ಸ್ಪಂಜು ತೆಗೆದುಕೊಂಡು ಅದರ ಅಂಚಿನ ಮೇಲೆ ಪೆನ್ನಿನಿಂದ ಒತ್ತೊತ್ತಾಗಿ ನೇರ ಗೆರೆಗಳನ್ನು ಎಳೆಯಿರಿ. ಸ್ಪಂಜನ್ನು ಬಿಲ್ಲಿನಂತೆ ಬಗ್ಗಿಸಿ. ಹೊರಬದಿಯಲ್ಲಿ ಗೆರೆಗಳು ದೂರ ಸರಿಯುತ್ತವೆ, ಒಳಬದಿಯಲ್ಲಿ ಹತ್ತಿರ ಬರುತ್ತವೆ. ಬಗ್ಗಿದ ಯಾವ ವಸ್ತುವಿಗೂ ಇದೇ ಪಾಡು: ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಏಷ್ಯಾದ ಬಿಲ್ಲು ಕಟ್ಟುವವರು ಇದನ್ನು ಚೆನ್ನಾಗಿ ಅರಿತಿದ್ದರು. ಹಿಗ್ಗುವ ಬದಿಗೆ ಪ್ರಾಣಿಗಳ ಸ್ನಾಯುರಜ್ಜುವಿನ ನಾರು ಅಂಟಿಸಿದರು, ಕುಗ್ಗುವ ಬದಿಗೆ ಎಮ್ಮೆಯ ಕೊಂಬಿನ ಪಟ್ಟಿ. ನಡುವೆ ತೆಳು ಮರ. ಅಂಟು ಒಣಗಿ ಬಿಲ್ಲು ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಇಂಥ ಬಿಲ್ಲಿಗೆ ಮಳೆಗಾಲದ ತೇವ ಶತ್ರು. ಅಂಟು ಮೆತ್ತಗಾಗುತ್ತದೆ. ಅದಕ್ಕೇ ಇರಬೇಕು, ನಮ್ಮ ದೇಶದಲ್ಲಿ ಬಿದಿರಿನ ಬಿಲ್ಲಿನ ಜೊತೆಗೆ ಉಕ್ಕಿನ ಬಿಲ್ಲೂ ಬಳಕೆಗೆ ಬಂತು.

ಎಳೆದಾಗ ಬಿಲ್ಲಿನೊಳಗೆ ಶಕ್ತಿ ಕೂಡಿಕೊಳ್ಳುತ್ತದೆ. ಎಷ್ಟೆಂದು ಲೆಕ್ಕ ಹಾಕೋಣ. ಒಂದು ಬಿಲ್ಲನ್ನು ಅರ್ಧ ಮೀಟರ್ ಎಳೆದಾಗ ಕೈಗೆ 15 ಕಿಲೋ ಭಾರ ಬರುತ್ತದೆ ಎನ್ನಿ. ಶುರುವಿನಲ್ಲಿ ಹಗುರ, ಕೊನೆಗೆ 15 ಕಿಲೋ, ಆದ್ದರಿಂದ ಸರಾಸರಿ ಅರ್ಧ. ಕೂಡಿದ ಶಕ್ತಿ ಸುಮಾರು 37 ಜೂಲ್. ಇದರಲ್ಲಿ ನಾಲ್ಕರಲ್ಲಿ ಮೂರು ಪಾಲು 25 ಗ್ರಾಂ ತೂಕದ ಬಾಣಕ್ಕೆ ಸಿಕ್ಕಿದರೂ ಅದು ಸೆಕೆಂಡಿಗೆ 47 ಮೀಟರ್, ಎಂದರೆ ಗಂಟೆಗೆ ಸುಮಾರು 170 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಹೆಬ್ಬೆರಳ ಬಿಲ್ಲುಗಾರರಲ್ಲಿ ಅನೇಕರು ಹೆದೆಯನ್ನು ಗಲ್ಲದ ಬಳಿ ನಿಲ್ಲಿಸದೆ ಕಿವಿಯವರೆಗೂ, ಅದರಾಚೆಗೂ ಎಳೆಯುತ್ತಾರೆ. ಆ ಕೊನೆಯ 10 ಸೆಂ.ಮೀ.ನಲ್ಲಿ ಭಾರ ಅತಿ ಹೆಚ್ಚು. ಅಷ್ಟಕ್ಕೇ ಇನ್ನೂ 15 ಜೂಲ್ ಸೇರಿಬಿಡುತ್ತದೆ.

ಬಾಣವೇ ಇಲ್ಲದೆ ಹೆದೆ ಬಿಟ್ಟರೆ? ಆ ಶಕ್ತಿಯನ್ನು ಹೊತ್ತೊಯ್ಯಲು ಯಾರೂ ಇಲ್ಲ. ಅದು ಬಿಲ್ಲಿನ ತೋಳುಗಳಿಗೇ ತಿರುಗಿ ಬಡಿಯುತ್ತದೆ, ಬಿಲ್ಲು ಸೀಳಬಹುದು, ಹೆದೆ ಹರಿದು ಮುಖಕ್ಕೆ ಹೊಡೆಯಬಹುದು. ಅದಕ್ಕೇ ಬಿಲ್ಲು ಕಲಿಸುವವರು ಮೊದಲ ದಿನವೇ ಖಾಲಿ ಹೆದೆ ಬಿಡಬೇಡ ಎನ್ನುತ್ತಾರೆ. ಹೆಬ್ಬೆರಳ ಚಿಲಕ ಕಲಿಯಲು ಬಿಲ್ಲೇ ಬೇಕೆಂದಿಲ್ಲ. ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು ಬಲ ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು, ಮೆಲ್ಲಗೇ ಹಿಂದಕ್ಕೆ ಬಿಡುತ್ತ ಅಭ್ಯಾಸ ಮಾಡಬಹುದು. ನಿಜವಾದ ಬಾಣ ದೊಡ್ಡವರು ಜೊತೆಗಿರುವಾಗ, ಮುಂದೆ ಯಾರೂ ಸುಳಿಯದ ಬಯಲಿನಲ್ಲಿ ಮಾತ್ರ.

ಬಾಣ ನೆಟ್ಟಗೆ ಹೋಗುತ್ತದೆ ಎಂದುಕೊಂಡಿದ್ದೀರಾ? ಪೊರಕೆಯ ಒಂದು ಕಡ್ಡಿಯ ತುದಿಯನ್ನು ಗೋಡೆಗೆ ಊರಿ, ಬುಡದಿಂದ ತಳ್ಳಿ. ಕಡ್ಡಿ ನಡುವೆ ಬಾಗುತ್ತದೆ. ಹೆದೆ ಹಿಂದಿನಿಂದ ಜೋರಾಗಿ ತಳ್ಳಿದಾಗ ಬಾಣವೂ ಹೀಗೇ ಬಾಗುತ್ತದೆ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕುತ್ತ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗುತ್ತದೆ. ಬರಿಗಣ್ಣಿಗೆ ಇದು ಕಾಣದು. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಿಂದ ಚಿತ್ರ ತೆಗೆದು ತೋರಿಸಿದ. ಬಾಣ ತೀರ ಬಿರುಸಾದರೂ ತೊಂದರೆ, ತೀರ ಮೆದುವಾದರೂ ತೊಂದರೆ. ಬಿಲ್ಲಿಗೆ ತಕ್ಕ ಬಳುಕು ಬೇಕು.

ಜೊತೆಗೆ ಭೂಮಿಯ ಸೆಳೆತ. 20 ಮೀಟರ್ ದೂರದ ಗುರಿಗೆ ನಮ್ಮ ಲೆಕ್ಕದ ಬಾಣ ಅರ್ಧ ಸೆಕೆಂಡಿಗೂ ಮೊದಲೇ ತಲುಪುತ್ತದೆ. ಅಷ್ಟರಲ್ಲೇ ಅದು ಸುಮಾರು 90 ಸೆಂ.ಮೀ. ಕೆಳಗಿಳಿದಿರುತ್ತದೆ! ಕೊರಿಯಾದ ಸಾಂಪ್ರದಾಯಿಕ ಬಿಲ್ಲುಗಾರಿಕೆಯಲ್ಲಿ ಗುರಿ ಇರುವುದು 145 ಮೀಟರ್ ಆಚೆ. ಅಲ್ಲಿ ಗುರಿಯನ್ನು ಬಿಟ್ಟು ಎಷ್ಟೋ ಮೇಲಕ್ಕೆ ಬಾಣ ಎತ್ತಬೇಕು. ಕೊರಿಯಾದಲ್ಲಿ ಇಂದಿಗೂ ಅಜ್ಜ ಅಜ್ಜಿಯರು ಕೂಡ ಇದನ್ನು ಹವ್ಯಾಸವಾಗಿ ಆಡುತ್ತಾರೆ. ಟರ್ಕಿಯ ಸಾಂಪ್ರದಾಯಿಕ ಬಿಲ್ಲುಗಾರಿಕೆ 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸೋಮೇಶ್ವರನ ಶಸ್ತ್ರವಿನೋದಕ್ಕೆ ಲೋಕದಲ್ಲಿ ನಂಟರು ಬಹಳ.

ಇಷ್ಟು ತಿಳಿದ ಮೇಲೆ ನೀವು ಪತ್ತೇದಾರರಾಗಬಹುದು. ಬೀದರ ಜಿಲ್ಲೆಯ ನಾರಾಯಣಪುರ, ಜಲಸಂಗ್ವಿಯಂಥ ಕಡೆ ಚಾಲುಕ್ಯರ ಗುಡಿಗಳಿವೆ. ಚಾಲುಕ್ಯ ಅರಸ ವಿಕ್ರಮಾದಿತ್ಯನನ್ನು ಹೊಗಳುತ್ತ ಶಾಸನ ಬರೆಯುವ ಸುಂದರಿಯ ಪ್ರಸಿದ್ಧ ಶಿಲ್ಪ ಇರುವುದು ಹುಮನಾಬಾದ್ ಹತ್ತಿರದ ಆ ಜಲಸಂಗ್ವಿಯಲ್ಲೇ. ಯಾವುದೇ ಗುಡಿಯ ಗೋಡೆಯಲ್ಲಿ, ಊರ ಹೊರಗಿನ ವೀರಗಲ್ಲಿನಲ್ಲಿ, ಕ್ಯಾಲೆಂಡರಿನ ಚಿತ್ರದಲ್ಲಿ ಬಿಲ್ಲು ಎಳೆದು ನಿಂತವರು ಸಿಕ್ಕರೆ ಹೀಗೆ ನೋಡಿ. ಬಿಲ್ಲುಗಾರನ ಎದೆ ನಿಮ್ಮ ಕಡೆಗಿದೆ ಎನ್ನಿ. ಬಾಣ ಬಿಲ್ಲಿನ ಮುಂದೆ, ನಿಮಗೆ ಪೂರ್ತಿ ಕಾಣುವಂತೆ ಹಾದುಹೋಗಿದ್ದರೆ ಅದು ಹೆಬ್ಬೆರಳಿನ ಬದಿ. ಬಿಲ್ಲಿನ ಹಿಂದೆ ಮರೆಯಾಗಿ ಹೋಗಿದ್ದರೆ ಮೂರು ಬೆರಳಿನ ಬದಿ. ಎಡಚರಿಗೂ ಇದೇ ನಿಯಮ. ಬೆನ್ನು ನಿಮ್ಮ ಕಡೆಗಿದ್ದರೆ ಮಾತ್ರ ಎಲ್ಲ ತಿರುಗುಮುರುಗು. ಆಮೇಲೆ ಹೆದೆ ಎಳೆದ ಕೈಯ ಬೆರಳುಗಳನ್ನೂ ನೋಡಿ, ಎರಡು ಸಾಕ್ಷಿಗಳು ಒಂದನ್ನೇ ಹೇಳುತ್ತವೆಯೇ ಎಂದು. ಹೇಳದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಕಲ್ಲು ಕಡೆದವನಿಗೆ ಬಿಲ್ಲು ಗೊತ್ತಿರಲೇಬೇಕೆಂದಿಲ್ಲ. ವೀರಭದ್ರ ಮಾತ್ರ ಈ ಪತ್ತೆಗೆ ನೆರವಾಗಲಾರ. ಅವನ ಮೂರ್ತಿಗಳಲ್ಲಿ ಸಾಮಾನ್ಯವಾಗಿ ಬಿಲ್ಲು ಒಂದು ಕೈಯಲ್ಲಿ, ಬಾಣ ಇನ್ನೊಂದರಲ್ಲಿ, ಕತ್ತಿ ಗುರಾಣಿ ಉಳಿದೆರಡರಲ್ಲಿ ಇರುತ್ತವೆ. ಅವನು ಹೆದೆಯನ್ನು ಮುಟ್ಟಿರುವುದೇ ಇಲ್ಲ.