ಹೊನಗೊನ್ನೆ ಸೊಪ್ಪು: ಗದ್ದೆಯ ಬದುವಿನ ಆಹಾರ



ತುಂಗಭದ್ರೆಯ ದಂಡೆಯ ಈ ಕಂಪ್ಲಿ ಸೀಮೆಗೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ. ಆ ನೀರಿನಲ್ಲಿ ತಾವು ಬತ್ತವನ್ನು ಬೆಳೆಯುತ್ತೀರಿ. ಅದೇ ನೀರಿನ ತೇವದಿಂದ ಬದುಗಳಲ್ಲಿಯೂ ಬಸಿಗಾಲುವೆಗಳ ಅಂಚಿನಲ್ಲಿಯೂ ಬಿತ್ತದೆಯೇ ಬೆಳೆಯುವ ಸೊಪ್ಪೊಂದುಂಟು. ಅದೇ ಹೊನಗೊನ್ನೆ, ತೆಲುಗರು ಇದನ್ನು ಪೊನ್ನಗಂಟಿ ಕೂರ ಎನ್ನುವರು. ಇದನ್ನು ಬರಿಯ ಕಳೆಯೆಂದು ಎಣಿಸುವುದು ಸರಿಯಲ್ಲ.

ಗುರುತು: ಇದು ನೆಲದ ಮೇಲೆ ಹಬ್ಬಿ ಗಿಣ್ಣುಗಳಲ್ಲಿ ಬೇರು ಬಿಡುತ್ತದೆ. ಎಲೆಗಳು ಎದುರುಬದುರಾಗಿರುತ್ತವೆ. ಬಿಳಿಯ ಸಣ್ಣ ಹೂಗೊಂಚಲು ತೊಟ್ಟಿಲ್ಲದೆ ಎಲೆಯ ಕಂಕುಳಿಗೇ ಅಂಟಿಕೊಂಡಿರುವುದು ಮುಖ್ಯ ಲಕ್ಷಣ. ದಕ್ಷಿಣ ಅಮೆರಿಕದಿಂದ ಬಂದ ಇದರ ದಾಯಾದಿ ಕಳೆಯ ಹೂವಾದರೋ ಉದ್ದವಾದ ತೊಟ್ಟಿನ ತುದಿಯಲ್ಲಿರುತ್ತದೆ; ಕಾಂಡವು ಟೊಳ್ಳು. ಅದನ್ನು ಅಡಿಗೆಗೆ ತರಬೇಡಿರಿ. ನಿಜವಾದ ಹೊನಗೊನ್ನೆಯನ್ನಾದರೂ ಊರಿನ ಚರಂಡಿ ಬಂದು ಸೇರುವೆಡೆ ಕೊಯ್ಯಕೂಡದು. ಕೊಳಕು ನೀರಿನ ವಿಷಲೋಹಗಳನ್ನು ಸಸ್ಯವು ಹೀರಿಕೊಳ್ಳುತ್ತದೆ.

ಅಡಿಗೆಯ ಕ್ರಮ: ಎಳೆಯ ಕುಡಿಗಳನ್ನು ಚಿವುಟಿ ಮಣ್ಣು ಹೋಗುವಂತೆ ಮೂರು ನಾಲ್ಕು ಸಲ ತೊಳೆಯಬೇಕು. ನಾಲ್ಕು ಹಿಡಿ ಸೊಪ್ಪಿಗೆ ಒಂದು ಹಿಡಿ ತೊಗರಿಬೇಳೆ ಸಾಕು. ಬೇಳೆ ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ಸೊಪ್ಪನ್ನೂ ಹಸಿಮೆಣಸಿನಕಾಯನ್ನೂ ಹಾಕಿ, ಮೆತ್ತಗಾದ ತರುವಾಯ ಉಪ್ಪು ಬೆರೆಸಿ ಬೆಳ್ಳುಳ್ಳಿಯ ಒಗ್ಗರಣೆ ಕೊಡುವುದು. ಜೋಳದ ರೊಟ್ಟಿಗೆ ಇದು ಬಹಳ ಒಪ್ಪುತ್ತದೆ. ಒಗ್ಗರಣೆಯ ಎಣ್ಣೆ ರುಚಿಗೆ ಮಾತ್ರವಲ್ಲ. ಸೊಪ್ಪಿನಲ್ಲಿರುವ, ಕಣ್ಣಿಗೆ ಹಿತವಾದ ಕ್ಯಾರೊಟಿನ್ ಎಂಬ ಸತ್ವವು ಮೈಗೆ ಹತ್ತಲು ಜಿಡ್ಡು ಬೇಕು. ಮೂತ್ರಪಿಂಡದಲ್ಲಿ ಕಲ್ಲಿನ ಬಾಧೆಯುಳ್ಳವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಇನ್ನು ತಮ್ಮ ಹೊಣೆಯ ಮಾತು. ಕಳೆ ಕೀಳಲು ಬಂದ ಹೆಣ್ಣಾಳುಗಳು ಸಂಜೆ ಈ ಸೊಪ್ಪನ್ನು ಮಡಿಲಲ್ಲಿ ತುಂಬಿಕೊಂಡು ಹೋಗುವುದು ಹಳೆಯ ರೂಢಿ. ಎಷ್ಟೋ ಮನೆಗಳ ಮಕ್ಕಳಿಗೆ ಆ ದಿನದ ಪಲ್ಯವೇ ಅದು. ಈಗಲಾದರೋ ಬದುಗಳಿಗೂ ಕಳೆನಾಶಕವನ್ನು ಸಿಂಪಡಿಸುತ್ತಾರೆ. ಔಷಧ ಬಿದ್ದ ಸೊಪ್ಪು ಕೂಡಲೇ ಬಾಡುವುದಿಲ್ಲ; ಕೆಲವು ದಿನ ಹಸಿರಾಗಿಯೇ ಕಾಣುತ್ತದೆ. ಎಲೆಯೊಳಗೆ ಇಳಿದ ವಿಷವು ತೊಳೆದರೆ ಹೋಗದು. ಕೊಯ್ಯುವ ತಾಯಿಗೆ ಇದು ತಿಳಿಯುವ ಬಗೆಯೆಂತು?

ಆದಕಾರಣ ಮೂರು ಕೆಲಸಗಳನ್ನು ಮಾಡಿರಿ. ಸಿಂಪಡಿಸುವ ಹಿಂದಿನ ದಿನವೇ ಊರಿನಲ್ಲಿ ಸಾರಿಸಿರಿ. ಔಷಧ ಹೊಡೆದ ಬದುವಿಗೆ ಕೆಂಪು ಬಟ್ಟೆ ಕಟ್ಟಿಸಿ, ಆ ಬೆಳೆ ಮುಗಿಯುವವರೆಗೂ ಅಲ್ಲಿ ಸೊಪ್ಪು ಕೊಯ್ಯದಂತೆ ಎಚ್ಚರಿಸಿರಿ. ಪ್ರತಿಯೊಬ್ಬ ಭೂಮಾಲೀಕರೂ ಒಂದು ಬದುವನ್ನಾದರೂ ಔಷಧ ಸೋಂಕದಂತೆ ಕಾದಿಟ್ಟು, ಅಲ್ಲಿ ಕೈಯಿಂದಲೇ ಕಳೆ ತೆಗೆಸಿರಿ.

ಇದರಿಂದ ತಮಗೆ ಆಗುವ ನಷ್ಟ ಅಲ್ಪ. ಬಡವರ ಒಲೆಗೆ ಆಗುವ ಉಪಕಾರ ದೊಡ್ಡದು. ತಾವು ಇದನ್ನು ನಡೆಸಿಕೊಡುವಿರೆಂದು ನಂಬಿ ನನ್ನ ಮಾತನ್ನು ಮುಗಿಸುತ್ತೇನೆ.